ಇದನ್ನ ಲವ್ ಸ್ಟೋರಿ ಅನ್ನಬೇಡಿ

1/10

ನಿಮ್ಮ ಫೀಡಿಗೂ ಬಂದಿರುತ್ತೆ. ಮಂಕು ಬೆಳಕಿನ ಒಂದು ಫ್ರೆಂಚ್ ಊರು, ಉದ್ದ ಕೂದಲಿನ ಹುಡುಗಿ, ಅವಳನ್ನೇ ನೋಡ್ತಾ ನಿಂತಿರೋ ನರೆಗೂದಲಿನ ಮೇಷ್ಟ್ರು, ಹಿನ್ನೆಲೆಯಲ್ಲಿ ಅಳುವಂಥ ಪಿಯಾನೋ. ಮೇಲೊಂದು ಸಾಲು: ಸಿಗದೇ ಇರೋ ಪ್ರೀತಿನೇ ನಿಜವಾದ ಪ್ರೀತಿ. ಕೆಳಗೆ ಒಡೆದ ಹೃದಯಗಳ ಮೆರವಣಿಗೆ. ನಮ್ಮ ಕ್ಲಾಸಿನವರೇ ಮೂರ್ನಾಲ್ಕು ಜನ ಸ್ಟೋರಿಗೆ ಹಾಕ್ಕೊಂಡಿದ್ದಾರೆ.

ಸಿನಿಮಾದ ಹೆಸರು 'ನೋಸ್ ಬ್ಲಾಂಶ್', ಅಂದರೆ 'ಬಿಳಿ ಮದುವೆ'. 1989ರದ್ದು. ನಿರ್ದೇಶಕ ಜ್ಯಾಂ-ಕ್ಲೋದ್ ಬ್ರಿಸೋ. ಹುಡುಗಿ ವನೆಸ್ಸಾ ಪಾರಾದಿ, ಮೇಷ್ಟ್ರು ಬ್ರೂನೋ ಕ್ರೆಮೆರ್.

ಬ್ಯಾನ್ ಮಾಡಿ ಅಂತ ಹೇಳೋಕೆ ಬಂದಿಲ್ಲ ನಾನು. ನೋಡಬೇಡಿ ಅಂತಾನೂ ಅಲ್ಲ. ನೋಡಿ, ಪೂರ್ತಿ ನೋಡಿ. ಮೂವತ್ತು ಸೆಕೆಂಡಿನ ಎಡಿಟ್ ನೋಡಿ ಕಣ್ಣೀರಿಡೋದನ್ನ ಮಾತ್ರ ಬಿಡಿ. ಆ ಎಡಿಟ್ ಮಾಡಿದವರು ಏನನ್ನ ಕತ್ತರಿಸಿ ಎಸೆದಿದ್ದಾರೆ ಗೊತ್ತಾ? ಆ ಹುಡುಗಿ ಕೊನೆಗೆ ಸತ್ತುಹೋಗ್ತಾಳೆ ಅನ್ನೋದನ್ನ.

ನನ್ನ ವಾದ ಒಂದೇ. ಇದು ಮುರಿದುಬಿದ್ದ ಪ್ರೇಮಕಥೆ ಅಲ್ಲ. ಕೈಹಿಡಿದು ದಡ ಸೇರಿಸಬೇಕಾಗಿದ್ದ ದೊಡ್ಡ ಮನುಷ್ಯ ಒಬ್ಬ ತನ್ನ ಕೆಲಸ ಬಿಟ್ಟು ಇನ್ನೇನೋ ಮಾಡಿದ ಕಥೆ. ಇದನ್ನ 'ಪ್ರೀತಿ' ಅಂತ ಕರೆದ ತಕ್ಷಣ ಅವನ ಜವಾಬ್ದಾರಿ ಮಾಯ ಆಗಿಬಿಡುತ್ತೆ. ನನ್ನ ಸಿಟ್ಟು ಅದರ ಮೇಲೆ.

ಸ್ವೈಪ್ ಮಾಡ್ತಾ ಹೋಗಿ. ಉದ್ದ ಇದೆ, ಟೀ ಇಟ್ಕೊಂಡು ಕೂತ್ಕೊಳ್ಳಿ.

2/10

ಮೊದಲು ಕಥೆ. ಸ್ಪಾಯ್ಲರ್ ಇದೆ, ಬೇಕು ಅಂತಲೇ ಹೇಳ್ತಿದ್ದೀನಿ.

ಊರು ಸೇಂತ್-ಎತಿಯೆನ್. ಒಂದು ಕಾಲಕ್ಕೆ ಕಲ್ಲಿದ್ದಲ ಗಣಿಗಳಿಂದ ಬದುಕಿದ್ದ, ಗಣಿ ಮುಚ್ಚಿದ ಮೇಲೆ ಸೊರಗಿದ ಊರು. ಅಲ್ಲಿನ ಒಂದು ಲಿಸೇಯಲ್ಲಿ ಫ್ರಾನ್ಸ್ವಾ ತತ್ವಶಾಸ್ತ್ರದ ಮೇಷ್ಟ್ರು. ಫ್ರಾನ್ಸಿನಲ್ಲಿ ನಮ್ಮ ಸೆಕೆಂಡ್ ಪಿಯುಸಿಗೆ ಸಮ ಅನ್ನಬಹುದಾದ ಕೊನೆಯ ವರ್ಷದಲ್ಲಿ ತತ್ವಶಾಸ್ತ್ರ ಕಡ್ಡಾಯ ವಿಷಯ, ಬೋರ್ಡ್ ಪರೀಕ್ಷೆಗೂ ಇರುತ್ತೆ. ಹಾಗಾಗಿ ಆ ಮೇಷ್ಟ್ರ ಮಾತಿಗೆ ಅಲ್ಲಿ ತೂಕ ಜಾಸ್ತಿ.

ಅವನ ಕ್ಲಾಸಿನಲ್ಲಿ ಮ್ಯಾತಿಲ್ಡ್ ಅಂತ ಹುಡುಗಿ. ವಯಸ್ಸು 17. ಕ್ಲಾಸಿಗೆ ಬರೋದು ಅಪರೂಪ, ಬಂದರೆ ಎಲ್ಲರಿಗಿಂತ ಚುರುಕು. ಮನೆಯಲ್ಲಿ ನೆಮ್ಮದಿ ಇಲ್ಲ. ಈ ಚಿಕ್ಕ ವಯಸ್ಸಿಗೇ ಮಾದಕ ವಸ್ತು ನೋಡಿದ್ದಾಳೆ, ಮೈ ಮಾರಿಕೊಳ್ಳಬೇಕಾಗಿ ಬಂದ ದಿನಗಳನ್ನೂ ದಾಟಿ ಬಂದಿದ್ದಾಳೆ. ಗೈರುಹಾಜರಿಗೆ ಶಾಲೆ ಅವಳನ್ನ ಹೊರಗೆ ಹಾಕೋಕೆ ನೋಡುತ್ತೆ. ಫ್ರಾನ್ಸ್ವಾ ಅವಳ ಪರ ನಿಲ್ತಾನೆ, ಪಾಠ ಹೇಳಿಕೊಡ್ತೀನಿ ಅಂತಾನೆ.

ಇಲ್ಲಿವರೆಗೆ ಒಳ್ಳೇ ಮೇಷ್ಟ್ರು. ಇಲ್ಲಿಗೇ ನಿಂತಿದ್ದರೆ ಅವನ ಹೆಸರು ಹೇಳಿ ಕೈಮುಗೀತಿದ್ದೆ.

ನಿಲ್ಲಲಿಲ್ಲ. ಪಾಠ ಸಂಬಂಧಕ್ಕೆ ತಿರುಗುತ್ತೆ. ಅವನಿಗೆ ಕ್ಯಾಥರೀನ್ ಅನ್ನೋ ಹೆಂಡತಿ ಇದ್ದಾಳೆ, ಅವಳ ಬಾಳೂ ಇದರಲ್ಲಿ ನುಜ್ಜುಗುಜ್ಜಾಗುತ್ತೆ. ಕೊನೆಗೆ ವಿಷಯ ಶಾಲೆಗೆ ಗೊತ್ತಾಗುತ್ತೆ. ಮೇಷ್ಟ್ರಿಗೆ ಏನಾಗುತ್ತೆ? ವರ್ಗಾವಣೆ! ದೇಶದ ಉತ್ತರದ ತುದಿಯ ಸಮುದ್ರತೀರದ ಊರು ಡಂಕರ್ಕ್‌ಗೆ. ಕೆಲಸ ಇದೆ, ಕ್ಲಾಸ್ ಇದೆ, ಹೊಸ ವಿದ್ಯಾರ್ಥಿಗಳೂ ಇದ್ದಾರೆ.

ಕಾಲ ಕಳೆಯುತ್ತೆ. ಒಂದು ದಿನ ಪೊಲೀಸರು ಅವನನ್ನ ಕರೀತಾರೆ. ಅವನ ಹೊಸ ಶಾಲೆಯ ಎದುರಿಗಿರೋ ಮನೆಯೊಂದರಲ್ಲಿ ಮ್ಯಾತಿಲ್ಡ್ ಸತ್ತು ಸಿಕ್ಕಿದ್ದಾಳೆ. ಅಲ್ಲಿದ್ದುಕೊಂಡು ಕಿಟಕಿಯಿಂದ ಅವನನ್ನ ನೋಡ್ತಾ ಬದುಕಿದ್ದಳು. ಅವನಿಗೆ ಗೊತ್ತೇ ಇರಲಿಲ್ಲ.

ಇದು ಕಥೆ. ಈಗ ಆ ಪಿಯಾನೋ ಎಡಿಟ್ ಇನ್ನೊಂದು ಸಲ ನೆನಪು ಮಾಡ್ಕೊಳ್ಳಿ.

3/10

ಈಗ ಒಂದು ಲೆಕ್ಕ ಹಾಕೋಣ. ಪ್ರೀತಿಯಲ್ಲಿ ಲೆಕ್ಕ ಇಲ್ಲ ಅಂತೀರಿ. ಸರಿ, ಅಧಿಕಾರದಲ್ಲಿ ಇದೆ.

ಮೇಷ್ಟ್ರ ಕಡೆ ಏನೇನಿದೆ: ಖಾಯಂ ಕೆಲಸ, ಸಂಬಳ, ಮನೆ, ಹೆಂಡತಿ, ಊರಲ್ಲಿ ಮರ್ಯಾದೆ, ಅವಳ ಉತ್ತರಪತ್ರಿಕೆಗೆ ಅಂಕ ಹಾಕೋ ಪೆನ್ನು, ಅವಳು ಶಾಲೆಯಲ್ಲಿ ಉಳೀಬೇಕಾ ಬೇಡವಾ ಅನ್ನೋ ಸಭೆಯಲ್ಲಿ ಒಂದು ಕುರ್ಚಿ, ಮತ್ತೆ ಅವಳಿಗಿಂತ ದಶಕಗಳಷ್ಟು ಜಾಸ್ತಿ ಬದುಕಿದ ಅನುಭವ.

ಮ್ಯಾತಿಲ್ಡ್ ಕಡೆ ಏನಿದೆ: ಬುದ್ಧಿ. ಅಷ್ಟೇ.

ಅದಕ್ಕೇ ಈ ಬಲೆ ಇಷ್ಟು ಗಟ್ಟಿ. ಅವಳನ್ನ ಜನ ದೇಹವಾಗಿ ನೋಡಿದ್ದಾರೆ, ತಲೆನೋವಾಗಿ ನೋಡಿದ್ದಾರೆ, ರಿಜಿಸ್ಟರಿನಲ್ಲಿ ಗೈರುಹಾಜರಿಯಾಗಿ ನೋಡಿದ್ದಾರೆ. ಮೊದಲನೇ ಸಲ ಒಬ್ಬ ದೊಡ್ಡ ಮನುಷ್ಯ ಅವಳ ತಲೆಯೊಳಗೆ ಏನಿದೆ ಅಂತ ಕೇಳ್ತಾನೆ. ಹಸಿದವಳ ಮುಂದೆ ತಟ್ಟೆ ಇಟ್ಟ ಹಾಗೆ. ಆ ಹುಡುಗಿ ಆ ತಟ್ಟೆ ಬಿಟ್ಟು ಎಲ್ಲಿಗೆ ಹೋಗ್ತಾಳೆ ಹೇಳಿ? ಊಟಕ್ಕೂ ಬಡಿಸಿದವನಿಗೂ ವ್ಯತ್ಯಾಸ ಗೊತ್ತಾಗದಷ್ಟು ಹಸಿವಾಗಿತ್ತು ಅವಳಿಗೆ. ವ್ಯತ್ಯಾಸ ಗೊತ್ತಿದ್ದದ್ದು ಬಡಿಸಿದವನಿಗೆ. ದಿನಾ ಕ್ಲಾಸಿನಲ್ಲಿ ಮನುಷ್ಯನ ಮನಸ್ಸಿನ ಬಗ್ಗೆ ಪಾಠ ಮಾಡೋನು ಅವನು. ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ.

ಅವನಿಂದ ಅವಳಿಗೆ ಬೇಕಾಗಿದ್ದದ್ದು ಏನು? ಪರೀಕ್ಷೆ ಪಾಸಾಗೋದು. ಆ ಊರು ಬಿಟ್ಟು ಹೋಗೋದಕ್ಕೊಂದು ದಾರಿ. ನಿನ್ನ ತಲೆಗೆ ಬೆಲೆ ಇದೆ ಅಂತ ಯಾವ ಬಾಡಿಗೆಯೂ ಕೇಳದೆ ಹೇಳೋ ಒಬ್ಬ ಮನುಷ್ಯ. ಅವನು ಕೊಟ್ಟ. ಆಮೇಲೆ ಬಾಡಿಗೆ ತಗೊಂಡ.

4/10

ಈಗ ಕಾಮೆಂಟ್‌ಗಳಿಗೆ ಬರೋಣ. ನಂಬರ್ ಒನ್ ಕಾಮೆಂಟ್ ನನಗೆ ಈಗಲೇ ಗೊತ್ತು: 'ಆದ್ರೆ ಅವಳೇ ತಾನೇ ಅವನ ಹಿಂದೆ ಬಿದ್ದಿದ್ದು?'

ಹೌದು. ಬಿದ್ದಳು. ಹಠ ಮಾಡಿದಳು. ಅವನು ಹಿಂದೆ ಸರಿಯೋಕೆ ನೋಡಿದಾಗಲೂ ಬಿಡಲಿಲ್ಲ. ಸಿನಿಮಾ ಇದನ್ನ ಮುಚ್ಚಿಟ್ಟಿಲ್ಲ, ನಾನೂ ಮುಚ್ಚಿಡಲ್ಲ.

ಹದಿನೇಳರ ವಯಸ್ಸಲ್ಲಿ ಮೇಷ್ಟ್ರ ಮೇಲೆ ಕ್ರಶ್ ಆಗೋದು ತಪ್ಪಲ್ಲ ಕಣ್ರೇ. ಎಷ್ಟೋ ಜನಕ್ಕೆ ಆಗುತ್ತೆ. ಚೆನ್ನಾಗಿ ಪಾಠ ಮಾಡೋರು, ನಮ್ಮ ಹೆಸರು ನೆನಪಿಟ್ಕೊಳ್ಳೋರು, ಪುಸ್ತಕ ಕೊಡೋರು ಇಷ್ಟ ಆಗ್ತಾರೆ. ಆ ಇಷ್ಟ ಸುಳ್ಳು ಅಂತಾನೂ ನಾನು ಹೇಳಲ್ಲ. ಮ್ಯಾತಿಲ್ಡ್‌ಗೆ ಆಗಿದ್ದು ನಿಜವಾದ ಪ್ರೀತಿಯೇ ಇರಬಹುದು. ಆದರೆ ಪ್ರಶ್ನೆ ಅವಳಿಗೆ ಏನನ್ನಿಸಿತು ಅನ್ನೋದಲ್ಲವೇ ಅಲ್ಲ. ಅವನು ಏನು ಮಾಡಿದ ಅನ್ನೋದು.

ಮಗು ಬಂದು ಬೈಕ್ ಕೀ ಕೇಳಿದರೆ ಕೀ ಕೊಟ್ಟವನನ್ನ ಬೈತೀವಿ, ಮಗುವನ್ನಲ್ಲ. ಅವಳು ಕೇಳಿದಳು ಅನ್ನೋದು ಅವನಿಗೆ ಬಿಡುಗಡೆಪತ್ರ ಅಲ್ಲ. 'ಬೇಡಮ್ಮ, ನಾನು ನಿನ್ನ ಮೇಷ್ಟ್ರು' ಅನ್ನೋ ಒಂದು ವಾಕ್ಯ ಹೇಳೋಕೇ ಸರ್ಕಾರ ಅವನಿಗೆ ಸಂಬಳ ಕೊಡ್ತಿತ್ತು ಅಂದುಕೊಳ್ಳಿ.

ಮೇಷ್ಟ್ರ ಮಾತಿಗೆ ಎಷ್ಟು ಭಾರ ಇರುತ್ತೆ ಅಂತ ಕನ್ನಡದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1972ರ 'ನಾಗರಹಾವು' ನೆನಪು ಮಾಡ್ಕೊಳ್ಳಿ. ಇಡೀ ದುರ್ಗದಲ್ಲಿ ಯಾರ ಮಾತೂ ಕೇಳದ ರಾಮಾಚಾರಿ ಚಾಮಯ್ಯ ಮೇಷ್ಟ್ರ ಮಾತಿಗೆ ಅಲಮೇಲುನ ಬಿಟ್ಟುಕೊಡ್ತಾನೆ. ಚಾಮಯ್ಯನವರಿಗೆ ಸ್ವಾರ್ಥ ಇರಲಿಲ್ಲ, ಮಗನ ಥರ ನೋಡ್ಕೊಂಡವರು. ಆದರೂ ಅವರ ಒಂದು ಮಾತು ಎರಡು ಬಾಳನ್ನ ದಾರಿ ತಪ್ಪಿಸಿತು. ಕೊನೆಗೆ ಅವರನ್ನೂ ಬಿಡಲಿಲ್ಲ.

ಒಳ್ಳೇ ಮನಸ್ಸಿನ ಮೇಷ್ಟ್ರ ಒಂದು ಮಾತಿಗೇ ಇಷ್ಟು ಶಕ್ತಿ ಇದೆ ಅಂದ ಮೇಲೆ, ತನಗೆ ಬೇಕಾಗಿ ಹತ್ತಿರ ಬಂದ ಮೇಷ್ಟ್ರಿಗೆ ಎಷ್ಟಿರಬೇಡ?

5/10

ಸಿನಿಮಾ ಇದನ್ನೆಲ್ಲ ನೋಡೋದಿಲ್ವಾ? ಅರ್ಧ ನೋಡುತ್ತೆ. ನನ್ನ ತಕರಾರು ಆ ಇನ್ನರ್ಧದ ಬಗ್ಗೆ.

ಒಳ್ಳೇದು ಮೊದಲು ಹೇಳಿಬಿಡ್ತೀನಿ. ಮ್ಯಾತಿಲ್ಡ್‌ನ ದಡ್ಡಿ ಮಾಡಿಲ್ಲ. ಮಾತಿಗೆ ಮಾತು ಕೊಡ್ತಾಳೆ, ಕೆಲವು ಸಲ ಮೇಷ್ಟ್ರಿಗಿಂತ ಮುಂದೆ ಯೋಚನೆ ಮಾಡ್ತಾಳೆ. ಪಾರಾದಿ ಆ ವಯಸ್ಸಿಗೆ ಮಾಡಿದ ಅಭಿನಯ ಎದೆಗೆ ನಾಟುತ್ತೆ. ಕೊನೆಯಲ್ಲಿ ಫ್ರಾನ್ಸ್ವಾ ಗೆದ್ದವನ ಥರ ಕಾಣಲ್ಲ. ಹೆಂಡತಿಯ ನೋವೂ ತೆರೆ ಮೇಲಿದೆ. ಕೆಟ್ಟ ಸಿನಿಮಾ ಆಗಿದ್ದರೆ ಹತ್ತು ಪೋಸ್ಟ್ ಬರೆಯೋಕೆ ನನಗೇನು ಹುಚ್ಚಾ?

ಆದರೆ ಗಮನಿಸಿ, ಕಥೆ ಯಾರ ಹೆಗಲ ಮೇಲೆ ಕೂತಿದೆ? ಮೇಷ್ಟ್ರ ಹೆಗಲ ಮೇಲೆ. ಅವನಿಗೆ ಗೊತ್ತಾದಷ್ಟೇ ನಮಗೆ ಗೊತ್ತಾಗೋದು. ಅವನು ಡಂಕರ್ಕ್‌ಗೆ ಹೋದರೆ ಸಿನಿಮಾನೂ ಅವನ ಜೊತೆ ಹೋಗುತ್ತೆ. ಅವಳು ಆ ಕೋಣೆಯಲ್ಲಿ ಹೇಗೆ ದಿನ ದೂಡಿದಳು, ಏನು ತಿಂದಳು, ಚಳಿಗಾಲದಲ್ಲಿ ಏನು ಮಾಡಿದಳು, ಯಾರ ಹತ್ತಿರ ಮಾತಾಡಿದಳು, ಇದ್ಯಾವುದೂ ತೆರೆ ಮೇಲಿಲ್ಲ. ಅವಳ ನರಕ ನಮಗೆ ಅವನ ಕೈಗೆ ಸಿಕ್ಕ ಸುದ್ದಿಯಾಗಿ ಮಾತ್ರ ತಲುಪುತ್ತೆ. ಅವಳ ಸಾವು ಅವನ ದುಃಖದ ಕ್ಲೈಮ್ಯಾಕ್ಸ್ ಆಗುತ್ತೆ.

ಆ ಕೋಣೆಯೊಳಗೆ ಕ್ಯಾಮೆರಾ ಅವಳ ಜೊತೆ ಹತ್ತೇ ನಿಮಿಷ ಕೂತಿದ್ದರೆ ಸಾಕಿತ್ತು, ಈ ಸಿನಿಮಾದಿಂದ ಲವ್ ಎಡಿಟ್ ಮಾಡೋಕೆ ಯಾರಿಗೂ ಕೈ ಬರ್ತಿರಲಿಲ್ಲ. ಕಿಟಕಿಯಿಂದ ಒಬ್ಬನನ್ನೇ ನೋಡ್ತಾ ಬದುಕು ಸವೆಸೋ ಮಗುವಿನಲ್ಲಿ ಆಗ 'ತ್ಯಾಗ' ಕಾಣ್ತಿರಲಿಲ್ಲ, ಕಾಯಿಲೆ ಕಾಣ್ತಿತ್ತು. ಡಾಕ್ಟರ್ ಬೇಕು, ಊಟ ಬೇಕು, ಜೊತೆ ಬೇಕು ಅನ್ನಿಸ್ತಿತ್ತು. ಹಿನ್ನೆಲೆ ಸಂಗೀತ ಬೇಕು ಅಂತ ಖಂಡಿತ ಅನ್ನಿಸ್ತಿರಲಿಲ್ಲ.

6/10

ಈಗ ಕ್ಯಾಮೆರಾದ ಈ ಕಡೆ.

ಸಿನಿಮಾ ಬಿಡುಗಡೆ ಆದಾಗ ವನೆಸ್ಸಾ ಪಾರಾದಿಗೆ 16. ಬ್ರೂನೋ ಕ್ರೆಮೆರ್‌ಗೆ 60. ಪಾರಾದಿ ಆಗಲೇ ಹಾಡುಗಾರ್ತಿಯಾಗಿ ಹೆಸರು ಮಾಡಿದ್ದಳು. 1987ರಲ್ಲಿ 'ಜೋ ಲ ತಾಕ್ಸಿ' ಹಾಡು ಬಂದಾಗ ಅವಳಿಗೆ 14. ಆ ವಯಸ್ಸಿನ ಹುಡುಗಿಯನ್ನ ಇಡೀ ದೇಶ ಒಂದು ಕಡೆ ಮುದ್ದು ಮಾಡ್ತು, ಇನ್ನೊಂದು ಕಡೆ ಬೈದು ಗೇಲಿ ಮಾಡ್ತು. ಆಮೇಲೆ ಈ ಪಾತ್ರ ಮಾಡಿ 1990ರಲ್ಲಿ ಭರವಸೆಯ ನಟಿ ಅಂತ ಸೀಸರ್ ಪ್ರಶಸ್ತಿ ತಗೊಂಡಳು. ಪ್ರತಿಭೆ ಅವಳದ್ದು, ಪ್ರಶಸ್ತಿ ಅವಳದ್ದು, ಅದರಲ್ಲಿ ಎರಡು ಮಾತಿಲ್ಲ.

ಆದರೆ 16ರ ಹುಡುಗಿಯನ್ನ ಆ ಸಿನಿಮಾ ತೋರಿಸಿದ ರೀತಿಯನ್ನ ನಾನಿಲ್ಲಿ ವರ್ಣನೆ ಮಾಡಲ್ಲ. ಸ್ಕ್ರೀನ್‌ಶಾಟ್ ಕೂಡ ಹಾಕಲ್ಲ. ಅದೇ ತುಣುಕನ್ನ ಮತ್ತೆ ಮತ್ತೆ ಹಂಚೋದೇ ಸಮಸ್ಯೆ ಅಂತ ಬರೀತಾ ಅದನ್ನೇ ಹಂಚಿದರೆ ನನಗೂ ಆ ಎಡಿಟ್ ಪೇಜುಗಳಿಗೂ ಏನು ವ್ಯತ್ಯಾಸ?

ನಿರ್ದೇಶಕ ಬ್ರಿಸೋ ಸಿನಿಮಾಕ್ಕೆ ಬರೋ ಮೊದಲು ಎಷ್ಟೋ ವರ್ಷ ತಾನೇ ಮೇಷ್ಟ್ರಾಗಿದ್ದವನು. ಹಾಗಾಗಿ ಸ್ಟಾಫ್ ರೂಮ್ ಹೇಗಿರುತ್ತೆ, ಮಕ್ಕಳು ಹೇಗೆ ಮಾತಾಡ್ತಾರೆ ಅಂತ ಚೆನ್ನಾಗಿ ಗೊತ್ತಿತ್ತು. 2005ರಲ್ಲಿ ಪ್ಯಾರಿಸ್ಸಿನ ಕೋರ್ಟ್ ಅವನಿಗೆ ಶಿಕ್ಷೆ ಕೊಡ್ತು: ಒಂದು ವರ್ಷದ ಅಮಾನತು ಜೈಲು ಶಿಕ್ಷೆ, 15,000 ಯೂರೋ ದಂಡ. ಯಾಕೆ? ಬೇರೆ ಒಂದು ಸಿನಿಮಾದ ಆಡಿಷನ್ ಹೆಸರಲ್ಲಿ ಇಬ್ಬರು ಯುವ ನಟಿಯರಿಗೆ ಕೊಟ್ಟ ಲೈಂಗಿಕ ಕಿರುಕುಳಕ್ಕೆ. ಸ್ಪಷ್ಟವಾಗಿ ಹೇಳ್ತೀನಿ, ಆ ಕೇಸಿಗೂ 'ನೋಸ್ ಬ್ಲಾಂಶ್' ಚಿತ್ರೀಕರಣಕ್ಕೂ ಸಂಬಂಧ ಇಲ್ಲ. 2019ರಲ್ಲಿ ಅವನು ತೀರಿಕೊಂಡ.

ಹಾಗಾದರೆ ಯಾಕೆ ಹೇಳಿದೆ? 'ಕಲಾವಿದನ ಸೂಕ್ಷ್ಮ ದೃಷ್ಟಿ' ಅಂತ ಕ್ಯಾಪ್ಷನ್ ಹಾಕೋರು, ಆ ದೃಷ್ಟಿ ಎಲ್ಲಿ ನಿಂತು ನೋಡ್ತಿದೆ ಅಂತ ಒಂದು ಸಲ ಕೇಳ್ಕೊಳ್ಳಲಿ ಅಂತ. ಆಯ್ಕೆ ಮಾಡೋ ಕುರ್ಚಿಯಲ್ಲಿ ಕೂತ ಗಂಡಸು, ಎದುರಿಗೆ ಅವಕಾಶ ಬೇಕಾದ ಹುಡುಗಿ. ಕ್ಲಾಸ್‌ರೂಮಾದರೂ ಅಷ್ಟೇ, ಆಡಿಷನ್ ರೂಮಾದರೂ ಅಷ್ಟೇ.

7/10

'ಫ್ರೆಂಚರ ಸಂಸ್ಕೃತಿನೇ ಬೇರೆ, ನಮ್ಮ ಕಣ್ಣಲ್ಲಿ ಅಳೀಬೇಡ.' ಇದು ಎರಡನೇ ಕಾಮೆಂಟ್. ಸರಿ, ಫ್ರೆಂಚರ ಕಣ್ಣಲ್ಲೇ ನೋಡೋಣ.

ಈ ಸಿನಿಮಾಕ್ಕಿಂತ ಇಪ್ಪತ್ತು ವರ್ಷ ಮೊದಲು ಅಲ್ಲೊಂದು ನಿಜವಾದ ಘಟನೆ ನಡೀತು. ಗಾಬ್ರಿಯೆಲ್ ರೂಸಿಯೆ, ಮಾರ್ಸೇಯಲ್ಲಿ ಸಾಹಿತ್ಯದ ಟೀಚರ್. 1968ರ ವಿದ್ಯಾರ್ಥಿ ಚಳವಳಿಯ ಹೊತ್ತಲ್ಲಿ 16 ವರ್ಷದ ವಿದ್ಯಾರ್ಥಿಯ ಜೊತೆ ಅವರ ಸಂಬಂಧ ಬೆಳೀತು. ಹುಡುಗನ ಅಪ್ಪ ಅಮ್ಮ ದೂರು ಕೊಟ್ಟರು. ಆಕೆ ಜೈಲಿಗೆ ಹೋದರು. ಜುಲೈ 1969ರಲ್ಲಿ ಅಮಾನತು ಶಿಕ್ಷೆ ಆಯ್ತು, ಸರ್ಕಾರಿ ವಕೀಲರು ಇನ್ನೂ ಜಾಸ್ತಿ ಬೇಕು ಅಂತ ಮೇಲ್ಮನವಿ ಹಾಕಿದರು. ಸೆಪ್ಟೆಂಬರ್ 1ರಂದು ಆಕೆ ಜೀವ ಕಳ್ಕೊಂಡರು. ವಯಸ್ಸು 32. ಇಡೀ ದೇಶ ಅಲ್ಲಾಡಿಹೋಯ್ತು. ಅಧ್ಯಕ್ಷ ಪೊಂಪಿದು ಪತ್ರಿಕಾಗೋಷ್ಠಿಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂತು. 1971ರಲ್ಲಿ ಆಂದ್ರೆ ಕಯಾತ್ ಇದರ ಮೇಲೆ 'ಮುರೀರ್ ದೆಮೇ' ಅಂತ ಸಿನಿಮಾ ಮಾಡಿದರು.

ಆ ಹೆಂಗಸಿನ ಮೇಲೆ ವ್ಯವಸ್ಥೆ ಬಿದ್ದ ರೀತಿ ಕ್ರೂರ. ನನಗೂ ಹಾಗೇ ಅನ್ನಿಸುತ್ತೆ. ಆದರೆ ಅಲ್ಲಿಂದ ಜನರ ತಲೆಯಲ್ಲಿ ಒಂದು ಅಚ್ಚು ಕೂತುಬಿಟ್ತು: ಮೇಷ್ಟ್ರು-ವಿದ್ಯಾರ್ಥಿ ಅಂದರೆ 'ಸಮಾಜಕ್ಕೆ ಹೆದರದ ಪ್ರೀತಿ'; ಅಡ್ಡ ಬಂದವರು ಮಡಿವಂತರು, ಪೊಲೀಸರು, ಕೋರ್ಟು. 'ನೋಸ್ ಬ್ಲಾಂಶ್' ನೋಡೋರೂ ಅದೇ ಅಚ್ಚಿನೊಳಗೆ ಅದನ್ನ ಹಾಕ್ತಾರೆ.

ಎರಡನ್ನೂ ಪಕ್ಕಪಕ್ಕ ಇಡಿ. 1969ರಲ್ಲಿ ಟೀಚರ್ ಹೆಂಗಸು: ಜೈಲು, ಅವಮಾನ, ಸಾವು. ಸಿನಿಮಾದಲ್ಲಿ ಮೇಷ್ಟ್ರು ಗಂಡಸು: ಒಂದು ವರ್ಗಾವಣೆ ಆದೇಶ. ಸಾಯೋದು ಹುಡುಗಿ. ಎರಡೂ ಕಡೆ ಬೆಲೆ ತೆತ್ತವಳು ಹೆಣ್ಣು. ಇದನ್ನ ನೋಡದೆ 'ಪ್ರೀತಿಗೆ ವಯಸ್ಸಿಲ್ಲ' ಅನ್ನೋದು ಎಷ್ಟು ಸುಲಭ ಅಲ್ವಾ?

8/10

ಈಗ ಎರಡು ತಾರೀಖು ಹೇಳ್ತೀನಿ. ಸೇವ್ ಮಾಡಿಟ್ಕೊಳ್ಳಿ.

ಮಾರ್ಚ್ 4, 1990, ಭಾನುವಾರ: ಪಾರಾದಿಗೆ ಸೀಸರ್ ಪ್ರಶಸ್ತಿ.

ಅದಕ್ಕೆ ಎರಡೇ ದಿನ ಮೊದಲು, ಮಾರ್ಚ್ 2, ಶುಕ್ರವಾರ: ಫ್ರಾನ್ಸಿನ ದೊಡ್ಡ ಪುಸ್ತಕ ಕಾರ್ಯಕ್ರಮ 'ಅಪೋಸ್ತ್ರೋಫ್'. ಅತಿಥಿಗಳಲ್ಲಿ ಗಾಬ್ರಿಯೆಲ್ ಮಾತ್ಸ್‌ನೆಫ್ ಅನ್ನೋ ಲೇಖಕ. ಹದಿಹರೆಯದ ಹುಡುಗಿಯರ ಜೊತೆಗಿನ ತನ್ನ ಸಂಬಂಧಗಳನ್ನ ಡೈರಿ ಅಂತ ಅಚ್ಚು ಹಾಕಿಸಿದವನು. ಸ್ಟುಡಿಯೋದಲ್ಲಿ ನಗು, ತಮಾಷೆ. ಒಬ್ಬರೇ ಒಬ್ಬರು ಎದುರು ಮಾತಾಡಿದರು: ಕೆನಡಾದ ಕ್ವಿಬೆಕ್‌ನಿಂದ ಬಂದಿದ್ದ ಲೇಖಕಿ ಡೆನೀಸ್ ಬೊಂಬಾರ್ದಿಯೆ. ಅವರು ಹೇಳಿದ್ದರ ಸಾರ ಇಷ್ಟು: ಮುದುಕರು ಮಕ್ಕಳನ್ನ ಮಿಠಾಯಿ ತೋರಿಸಿ ಸೆಳೀತಾರೆ, ಈತ ತನ್ನ ಹೆಸರು ತೋರಿಸಿ ಸೆಳೀತಾನೆ.

ಆಮೇಲೆ ಬೈಗುಳ ತಿಂದದ್ದು ಯಾರು ಗೊತ್ತಾ? ಬೊಂಬಾರ್ದಿಯೆ. ಮಡಿವಂತೆ, ರಸ ಗೊತ್ತಿಲ್ಲದವಳು ಅಂದರು.

ಮೂವತ್ತು ವರ್ಷ ಹೋಯ್ತು. ಜನವರಿ 2020ರಲ್ಲಿ ವನೆಸ್ಸಾ ಸ್ಪ್ರಿಂಗೋರಾ ಅನ್ನೋರು 'ಲ ಕೋನ್ಸೋಂತ್ಮೋಂ' ಅಂತ ಪುಸ್ತಕ ಬರೆದರು. ಹೆಸರಿನ ಅರ್ಥ 'ಒಪ್ಪಿಗೆ'. ತನಗೆ 14, ಮಾತ್ಸ್‌ನೆಫ್‌ಗೆ 50ರ ಹತ್ತಿರ ಇದ್ದಾಗ ಏನೇನಾಯ್ತು ಅಂತ. ಅವರೂ ಅಂದು 'ಪ್ರೀತಿ' ಅಂತಲೇ ನಂಬಿದ್ದರು. ಹಾಗೆ ನಂಬಿಸಿದ್ದೇ ಹೇಗೆ ಅನ್ನೋದು ಆ ಪುಸ್ತಕದ ಜೀವಾಳ. ಪುಸ್ತಕ ಬಂದ ಮೇಲೆ ತನಿಖೆ ಶುರುವಾಯ್ತು, ಪ್ರಕಾಶಕರು ಆತನ ಡೈರಿಗಳನ್ನ ಮಾರಾಟದಿಂದ ಹಿಂದಕ್ಕೆ ತಗೊಂಡರು. 2021ರಲ್ಲಿ ಕಾನೂನೂ ಬಿಗಿಯಾಯ್ತು: 15ರ ಕೆಳಗಿನ ಮಕ್ಕಳ ವಿಷಯದಲ್ಲಿ ವಯಸ್ಕರು 'ಅವಳು ಒಪ್ಪಿದ್ದಳು' ಅನ್ನೋ ವಾದ ಹೂಡೋ ದಾರಿಯನ್ನ ಬಹುಮಟ್ಟಿಗೆ ಮುಚ್ಚಿದರು. 15 ದಾಟಿದವರಾದರೂ, ಮೇಷ್ಟ್ರಂಥ ಅಧಿಕಾರದಲ್ಲಿರೋರು ಆ ಅಧಿಕಾರವನ್ನ ಬಳಸಿಕೊಂಡರೆ 18ರವರೆಗೂ ಅದು ಅಪರಾಧವೇ.

ಇನ್ನೊಂದು ಮಾತು, ಇದು ನಮಗೆ ತುಂಬಾ ಮುಖ್ಯ. ಆ ಪುಸ್ತಕದ ಸಿನಿಮಾ ರೂಪ 2023ರ ಅಕ್ಟೋಬರಿನಲ್ಲಿ ಬಂತು. ಅದನ್ನ ಎತ್ತಿ ಹಿಡಿದವರು ಯಾರು? ನಮ್ಮ ವಯಸ್ಸಿನವರೇ. ಥಿಯೇಟರಿಗೆ ಹೋಗೋ ಮೊದಲು ಒಂದು, ಹೊರಗೆ ಬಂದ ಮೇಲೆ ಒಂದು ಅಂತ ತಮ್ಮ ಮುಖದ ವಿಡಿಯೋ ಮಾಡಿ ಟಿಕ್‌ಟಾಕ್‌ನಲ್ಲಿ ಹಾಕಿದರು. ನೋಡೋರ ಸಂಖ್ಯೆ ಏರುತ್ತಾ ಹೋಯ್ತು.

ಅಂದರೆ 'ಫ್ರೆಂಚರ ಸಂಸ್ಕೃತಿ' ಅಂತ ನೀವು ಕಾಪಾಡೋಕೆ ಹೊರಟಿದ್ದನ್ನ ಫ್ರೆಂಚ್ ಹುಡುಗ ಹುಡುಗಿಯರೇ ಮುಂದೆ ನಿಂತು ಪ್ರಶ್ನೆ ಮಾಡಿದ್ದಾರೆ. ಅವರ ಕೈಯಲ್ಲಿದ್ದದ್ದೂ ಇದೇ ಫೋನು, ಇದೇ ಚಿಕ್ಕ ಚಿಕ್ಕ ವಿಡಿಯೋ. ನಾವು ಅದೇ ಫೋನ್ ಇಟ್ಕೊಂಡು ಪಿಯಾನೋ ಹಾಕ್ತಾ ಕೂತಿದ್ದೀವಿ.

9/10

ಈಗ ನಮ್ಮ ಕಡೆ. ಫ್ರಾನ್ಸಿನ ಹಳೇ ಸಿನಿಮಾದ ಮೇಲೆ ಇಷ್ಟು ಸಿಟ್ಟು ಯಾಕೆ ಅಂದರೆ, ಆ ಎಡಿಟ್ ನೋಡ್ತಿರೋ ಪಿಯುಸಿ ಹುಡುಗಿ ನಾಳೆ ಬೆಳಗ್ಗೆ ಟ್ಯೂಷನ್‌ಗೆ ಹೋಗೋದು ಇಲ್ಲೇ.

ಒಂದು ವಿಷಯ ಬೇರೆ ಮಾಡಿಬಿಡ್ತೀನಿ, ಗೊಂದಲ ಬೇಡ. ಒಂದೇ ಬೆಂಚಿನ ಇಬ್ಬರು ಹದಿನೇಳರ ಮಕ್ಕಳು ಪ್ರೀತಿ ಮಾಡೋದರ ಬಗ್ಗೆ ನಾನು ಮಾತಾಡ್ತಿಲ್ಲ. ಅಂಥ ಮಕ್ಕಳೂ ಪೋಕ್ಸೋ ಕೇಸುಗಳಲ್ಲಿ ಸಿಕ್ಕಿಹಾಕ್ಕೋತಿದ್ದಾರೆ ಅಂತ 2022ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವೇ ಕಾನೂನು ಆಯೋಗಕ್ಕೆ ಈ ವಯಸ್ಸಿನ ಪ್ರಶ್ನೆ ಯೋಚನೆ ಮಾಡಿ ಅಂತ ಹೇಳಿತ್ತು. 2023ರಲ್ಲಿ ಆಯೋಗ 18 ಇಳಿಸೋದು ಬೇಡ, ಆದರೆ 16ರಿಂದ 18ರ ನಡುವಿನ ಇಂಥ ಕೇಸುಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಅಂತು. ಆ ಚರ್ಚೆ ನಡೀಲಿ, ನಡೀಬೇಕು.

ಆದರೆ ಆ ಚರ್ಚೆಯ ಬಾಲ ಹಿಡ್ಕೊಂಡು ಫ್ರಾನ್ಸ್ವಾಗಳು ಒಳಗೆ ಬರೋದು ಬೇಡ. ಇಬ್ಬರು ಸಮಾನರ ಎಡವಟ್ಟು ಪ್ರೀತಿ ಬೇರೆ, ಒಬ್ಬರ ಕೈಯಲ್ಲಿ ಅಂಕಪಟ್ಟಿ ಇರೋ 'ಪ್ರೀತಿ' ಬೇರೆ. ನಮ್ಮ ದೇಶದ 2012ರ ಪೋಕ್ಸೋ ಕಾಯ್ದೆಯಲ್ಲಿ 18ರ ಕೆಳಗಿನವರ ಒಪ್ಪಿಗೆ ಲೆಕ್ಕಕ್ಕಿಲ್ಲ. ಅಪರಾಧ ಮಾಡಿದ್ದು ಶಿಕ್ಷಣ ಸಂಸ್ಥೆಯ ಸಿಬ್ಬಂದಿ ಆಗಿದ್ದರೆ ಅದು ಇನ್ನೂ ಗಂಭೀರ ಅಪರಾಧ, ಶಿಕ್ಷೆಯೂ ಜಾಸ್ತಿ. 18 ದಾಟಿ ಡಿಗ್ರಿಗೆ ಬಂದ ಮೇಲೆ? ಇಂಟರ್ನಲ್ ಮಾರ್ಕ್ಸ್ ಯಾರ ಕೈಲಿದೆ, ನೀವೇ ಹೇಳಿ. ಅದಕ್ಕೇ ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ನಿಮ್ಮ ಕಾಲೇಜಿನಲ್ಲಿ ಅದರಲ್ಲಿ ಯಾರಿದ್ದಾರೆ ಅಂತ ನಾಳೆ ನೋಟಿಸ್ ಬೋರ್ಡ್ ನೋಡಿ ಬನ್ನಿ.

ಮತ್ತೆ ಈ ಮಾತುಗಳು ಕಿವಿಗೆ ಬಿದ್ದರೆ ಅಲ್ಲೇ ಬ್ರೇಕ್ ಹಾಕಿ:

'ನಿನ್ನಷ್ಟು ಮೆಚ್ಯೂರ್ಡ್ ಈ ಕ್ಲಾಸಲ್ಲಿ ಯಾರೂ ಇಲ್ಲ.'
'ಇದು ನಮ್ಮಿಬ್ಬರ ಮಧ್ಯೆನೇ ಇರಲಿ.'
'ಮನೇಲಿ ಹೆಂಡತಿಗೆ ನಾನು ಅರ್ಥ ಆಗಲ್ಲ, ನಿನಗೆ ಆಗ್ತೀನಿ.'
'ನೀನು ಹೇಳಿದರೆ ನನ್ನ ಕೆಲಸ ಹೋಗುತ್ತೆ, ನೋಡ್ಕೋ.'

ಕೊನೆಯದ್ದನ್ನ ಇನ್ನೊಂದು ಸಲ ಓದಿ. ಅವರ ಕೆಲಸ ಉಳಿಸೋ ಭಾರ ನಿಮ್ಮ ತಲೆ ಮೇಲೆ ಹೇಗೆ ಬಂತು? ಮೇಷ್ಟ್ರು ಅವರು. ಕೆಲಸದ ನೆನಪು ಮೊದಲೇ ಇರಬೇಕಾಗಿತ್ತು.

10/10

ಮೂರನೇ ಕಾಮೆಂಟ್‌ಗೂ ಉತ್ತರ ಕೊಟ್ಟು ಮುಗಿಸ್ತೀನಿ: 'ಇದು ಬರೀ ಸಿನಿಮಾ, ಯಾಕಿಷ್ಟು ಸೀರಿಯಸ್?'

ಬರೀ ಸಿನಿಮಾ ಆಗಿದ್ದರೆ ಸ್ಟೋರಿಗೆ ಹಾಕಿ 'ಇಂಥ ಪ್ರೀತಿ ನನಗೂ ಬೇಕು' ಅಂತ ಯಾಕೆ ಬರೀತೀರಿ ಮಾರಾಯ್ರೇ? ಪ್ರೀತಿ ಅಂದರೆ ಹೇಗಿರುತ್ತೆ ಅಂತ ನಮಗೆ ಮನೆಯಲ್ಲಿ ಯಾರೂ ಹೇಳಿಕೊಡಲ್ಲ. ಶಾಲೆಯಲ್ಲಂತೂ ಆ ಪಾಠ ಬಂದರೆ ಪುಟ ಮಗುಚಿಬಿಡ್ತಾರೆ. ನಾವು ಕಲಿಯೋದೇ ಸಿನಿಮಾದಿಂದ, ಹಾಡಿಂದ, ರೀಲಿಂದ. ಅಲ್ಲಿ ನೋವಿನ ಪ್ರಮಾಣವನ್ನೇ ಪ್ರೀತಿಯ ಪ್ರಮಾಣ ಅಂತ ಹೇಳಿಕೊಟ್ಟರೆ, ನೋವು ಕೊಡೋರನ್ನೇ ಹುಡುಕ್ಕೊಂಡು ಹೋಗ್ತೀವಿ. ಎಷ್ಟು ನೊಂದರೆ ಅಷ್ಟು ನಿಜ ಅಂದುಕೋತೀವಿ. ಮ್ಯಾತಿಲ್ಡ್ ಅಂದುಕೊಂಡದ್ದೂ ಅದನ್ನೇ.

ಅವಳು ಬದುಕಬೇಕಾಗಿತ್ತು. ನನಗೆ ಈ ಸಿನಿಮಾದ ಮೇಲೆ ಇರೋ ದುಃಖ ಇಷ್ಟೇ. ಪರೀಕ್ಷೆ ಪಾಸಾಗಿ, ಯಾವುದೋ ಊರಿಗೆ ಹೋಗಿ, ತನ್ನ ವಯಸ್ಸಿನ ಯಾರನ್ನೋ ಪ್ರೀತಿಸಿ, ಜಗಳ ಆಡಿ, ಬಿಟ್ಟು, ಮತ್ತೆ ಪ್ರೀತಿಸಿ, ನಲವತ್ತಕ್ಕೆ ತಾನೇ ತತ್ವಶಾಸ್ತ್ರ ಪಾಠ ಮಾಡ್ತಾ ಇರಬೇಕಾಗಿದ್ದ ಹುಡುಗಿ. ಅವಳ ಕ್ಲಾಸಿಗೆ ಒಬ್ಬಳು ಒಡೆದ ಮನಸ್ಸಿನ ಹುಡುಗಿ ಬಂದಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಅಂತ ಅವಳಿಗೆ ಗೊತ್ತಿರ್ತಿತ್ತು.

ಹಾಗಾಗಿ ಕೇಳ್ಕೊಳ್ಳೋದು ಇಷ್ಟು. ಸಿನಿಮಾ ನೋಡೋದಾದರೆ ಪೂರ್ತಿ ನೋಡಿ, ಜೊತೆಗೆ 2023ರ ಆ 'ಒಪ್ಪಿಗೆ' ಸಿನಿಮಾನೂ ನೋಡಿ. ಒಂದರಲ್ಲಿ ಮೇಷ್ಟ್ರು ಕಥೆ ಹೇಳ್ತಾನೆ, ಇನ್ನೊಂದರಲ್ಲಿ ಹುಡುಗಿ ಹೇಳ್ತಾಳೆ. ಆಮೇಲೆ ಎಡಿಟ್ ಮಾಡೋ ಮನಸ್ಸಾದರೆ ಮಾಡಿ, ನಾನೇ ಶೇರ್ ಮಾಡ್ತೀನಿ. ಈಗಾಗಲೇ ಪಿಯಾನೋ ಸ್ಟೋರಿ ಹಾಕಿರೋರು ಡಿಲೀಟ್ ಮಾಡಿ. ನಾನು ಯಾರ ಹೆಸರೂ ಹೇಳಿಲ್ಲ, ಹೇಳೋದೂ ಇಲ್ಲ.

ಇದನ್ನ ಓದ್ತಾ ನಿಮ್ಮದೇ ಏನೋ ನೆನಪಾಗಿ ಹೊಟ್ಟೆಯೊಳಗೆ ಕಲಸಿದ ಹಾಗಾಗಿದ್ದರೆ, ತಪ್ಪು ನಿಮ್ಮದಲ್ಲ. ಮಕ್ಕಳ ಸಹಾಯವಾಣಿ 1098. ಮನಸ್ಸು ತೀರಾ ಭಾರವಾದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಹೊತ್ತು ನೋಡಬೇಡಿ, ರಾತ್ರಿನೂ ಎತ್ತುತ್ತಾರೆ. ನಂಬೋ ಅಕ್ಕನೋ ಅತ್ತೆನೋ ಟೀಚರೋ ಇದ್ದರೆ ಅವರ ಹತ್ತಿರ ಹೇಳಿ. ಒಳ್ಳೇ ಮೇಷ್ಟ್ರುಗಳು ಬೇಕಾದಷ್ಟು ಜನ ಇದ್ದಾರೆ. ಅವರ ಮರ್ಯಾದೆ ಉಳೀಬೇಕಾದರೂ ಫ್ರಾನ್ಸ್ವಾನ ಹೀರೋ ಮಾಡೋದು ನಿಲ್ಲಬೇಕು.

ಜಗಳ ಇದ್ದರೆ ಕಾಮೆಂಟಿಗೆ ಬನ್ನಿ, ಉತ್ತರ ಕೊಡ್ತೀನಿ. ಒಂದೇ ಷರತ್ತು: ಹುಡುಗಿಯ ತಪ್ಪು ಹುಡುಕೋಕೆ ಮೊದಲು ಮೇಷ್ಟ್ರ ವಯಸ್ಸು ಬರೆದು ಆಮೇಲೆ ಶುರು ಮಾಡಿ.

#ನೋಸ್‌ಬ್ಲಾಂಶ್ #ಫ್ರೆಂಚ್‌ಸಿನಿಮಾ #ಇದುಪ್ರೀತಿಅಲ್ಲ #ಕನ್ನಡದಲ್ಲಿಸಿನಿಮಾಮಾತು